ಕಪಾಟಿನ ಸಾಕ್ಷ್ಯ: ಗೋವಿಂದ ಪೈಯವರ ಗ್ರಂಥಸಂಗ್ರಹವೂ ಒಂದು ಗ್ರೀಕ್ ಪ್ರಹಸನದ 'ಕನ್ನಡ'ವೂ

ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದ ಹೆಸರು ದ್ರಾವಿಡ ಭಾಷಾವಿಜ್ಞಾನದ ಓದುಗರಿಗೆ ಹೊಸದಲ್ಲ. ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಾಗಿ ಹೊರಬಂದ ತುಳು ನಿಘಂಟು ಸಿದ್ಧವಾದದ್ದು ಅಲ್ಲಿಯೇ. ಅದೇ ಕೇಂದ್ರದಲ್ಲಿ ಮಂಜೇಶ್ವರದ ಗೋವಿಂದ ಪೈಯವರ (1883–1963) ಸ್ವಂತ ಗ್ರಂಥಸಂಗ್ರಹವೂ ಇದೆ. ಆದರೆ ಈ ಸಂಗ್ರಹವು ನಮ್ಮ ಕ್ಷೇತ್ರದ ಬರಹಗಳಲ್ಲಿ ಪ್ರಶಂಸೆಯ ವಸ್ತುವಾಗಿ ಬರುತ್ತದೆಯೇ ಹೊರತು ಸಾಕ್ಷ್ಯವಾಗಿ ಬರುವುದು ತೀರ ವಿರಳ. ಒಬ್ಬ ವಿದ್ವಾಂಸನ ಪುಸ್ತಕಗಳು ಅವನ ಹಿರಿಮೆಯನ್ನು ಸಾರುತ್ತವೆಂದು ನಾವು ಸುಲಭವಾಗಿ ಒಪ್ಪುತ್ತೇವೆ. ಅವು ಅವನ ವಾದಗಳನ್ನು ರೂಪಿಸಿದವು, ಕೆಲವೊಮ್ಮೆ ದಾರಿ ತಪ್ಪಿಸಿದವು, ಎಂಬುದನ್ನು ಪರಿಶೀಲಿಸಲು ಮಾತ್ರ ಹಿಂಜರಿಯುತ್ತೇವೆ. ಈ ಲೇಖನದಲ್ಲಿ ನಾವು ಒಂದೇ ಒಂದು ವಿವಾದವನ್ನು ಎತ್ತಿಕೊಂಡು, ಖಾಸಗಿ ಗ್ರಂಥಸಂಗ್ರಹವನ್ನು ಭಾಷಾವಿಜ್ಞಾನದ ಇತಿಹಾಸಕ್ಕೆ ಸಾಕ್ಷ್ಯವಾಗಿ ಓದುವ ಬಗೆಯನ್ನು ಚರ್ಚಿಸುತ್ತೇವೆ.

ಮೊದಲು ಪ್ರಶಂಸೆಯ ರೂಢಿಯನ್ನು ನೋಡಬೇಕು. ಪೈಯವರನ್ನು ಕುರಿತ ಲೇಖನಗಳಲ್ಲಿ ಅವರು ಬಲ್ಲ ಭಾಷೆಗಳ ಸಂಖ್ಯೆ ಲೇಖಕನಿಂದ ಲೇಖಕನಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ಅದು ಇಪ್ಪತ್ತರ ಆಚೆಗೇ ನಿಲ್ಲುತ್ತದೆ. ಈ ಎಣಿಕೆಗೆ ಆಧಾರವಾಗಿ ಅವರ ಪುಸ್ತಕಗಳನ್ನು ತೋರಿಸುವುದುಂಟು. ಇಷ್ಟು ಭಾಷೆಗಳ ಪುಸ್ತಕಗಳಿದ್ದವು, ಆದ್ದರಿಂದ ಇಷ್ಟು ಭಾಷೆಗಳು ಬರುತ್ತಿದ್ದವು ಎಂಬುದು ಅಲ್ಲಿನ ತರ್ಕ. ಭಾಷೆಯನ್ನು 'ಬಲ್ಲ' ಎಂಬ ಕ್ರಿಯಾಪದವೇ ಇಲ್ಲಿ ತೊಡಕಿನದು. ಒಂದು ಭಾಷೆಯನ್ನು ಆಡುವುದು ಬೇರೆ, ನಿರಾತಂಕವಾಗಿ ಓದುವುದು ಬೇರೆ, ವ್ಯಾಕರಣ-ನಿಘಂಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದು ವಾಕ್ಯವನ್ನು ಬಿಡಿಸುವುದು ಬೇರೆ. ಹತ್ತೊಂಬತ್ತನೆಯ ಶತಮಾನದ ಭಾಷಾಪಂಡಿತರಲ್ಲಿ ಬಹುಪಾಲು ಜನ ಮೂರನೆಯ ಬಗೆಯ ಜ್ಞಾನದಿಂದಲೇ ಮಹತ್ತರ ಕೆಲಸ ಮಾಡಿದರು. ಅದರಲ್ಲಿ ಕೀಳರಿಮೆಯ ಪ್ರಶ್ನೆಯಿಲ್ಲ. ಆದರೆ ಮೂರನ್ನೂ ಒಂದೇ ಅಂಕಿಯಲ್ಲಿ ಕೂಡಿಸಿದರೆ ಆ ಅಂಕಿಗೆ ಅರ್ಥ ಉಳಿಯುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಒಂದಿದೆ. ಪೈಯವರ ಮನೆಮಾತು ಕೊಂಕಣಿ. ಮನೆಯ ಅಂಗಳ ದಾಟಿದರೆ ತುಳು. ಇನ್ನೂ ಸ್ವಲ್ಪ ದೂರ ಹೋದರೆ ಮಲಯಾಳ. ಬರವಣಿಗೆಯ ಭಾಷೆ ಕನ್ನಡ, ಕಾಲೇಜಿನ ಭಾಷೆ ಇಂಗ್ಲಿಷು. ಇವುಗಳಲ್ಲಿ ಕೊಂಕಣಿ, ತುಳು ಎರಡೂ ಅವರ ಜೀವಿತಾವಧಿಯಲ್ಲಿ ಅಲ್ಪಸ್ವಲ್ಪವಾಗಿಯೇ ಅಚ್ಚಾದ ಭಾಷೆಗಳು. ತುಳುವಿನಲ್ಲಿ ಬಾಸೆಲ್ ಮಿಶನ್ನಿನ ಬೈಬಲ್ ಅನುವಾದಗಳು, ಬ್ರಿಗೆಲ್ಲರ ವ್ಯಾಕರಣ (1872), ಮ್ಯಾನರರ ತುಳು-ಇಂಗ್ಲಿಷ್ ನಿಘಂಟು (1886), ಆಮೇಲೆ ಉಡುಪಿಯ ಎಸ್. ಯು. ಪಣಿಯಾಡಿಯವರ 'ತುಳು ವ್ಯಾಕರಣ' (1932) ಮತ್ತು ತುಳು ಚಳವಳಿಯ ಕೆಲವು ಪ್ರಕಟಣೆಗಳನ್ನು ಬಿಟ್ಟರೆ ಕೊಳ್ಳಲು ಸಿಗುತ್ತಿದ್ದ ಪುಸ್ತಕಗಳೇ ಕಡಿಮೆ. ಅಂದರೆ ದಿನವೂ ಕಿವಿಗೆ ಬೀಳುತ್ತಿದ್ದ ಭಾಷೆಗಳು ಕಪಾಟಿನಲ್ಲಿ ಅತಿ ಕಡಿಮೆ ಜಾಗ ಹಿಡಿಯುತ್ತವೆ. ಕಿವಿಗೆ ಎಂದೂ ಬೀಳದ ಗ್ರೀಕ್, ಲ್ಯಾಟಿನ್, ಪಾಲಿಗಳು ಹೆಚ್ಚು ಜಾಗ ಹಿಡಿಯಬಲ್ಲವು. ಗ್ರಂಥಸಂಗ್ರಹವು ಭಾಷಾಜ್ಞಾನದ ಕನ್ನಡಿಯಾಗುವ ಬದಲು ಮುದ್ರಣದ ಇತಿಹಾಸದ ಕನ್ನಡಿಯಾಗುತ್ತದೆ. ಈ ಓರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಂಗ್ರಹದಿಂದ ಭಾಷೆಗಳನ್ನು ಎಣಿಸುವುದು ವ್ಯರ್ಥ. ಮುಂದೆ ಚರ್ಚಿಸುವ ವಿವಾದದಲ್ಲಿ ಇದೇ ಓರೆ ಬೇರೊಂದು ರೂಪದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಯುರೋಪಿನ ವಿಶ್ವವಿದ್ಯಾಲಯಗಳ ಇತಿಹಾಸಕಾರರು ಈ ಬಗೆಯ ಪ್ರಶ್ನೆಗಳನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ನಮ್ಮ ಚರ್ಚೆಗೆ ಒದಗುವ ನಿದರ್ಶನ ಜೋಸೆಫ್ ಸ್ಕಾಲಿಗರನದು (1540–1609). 1593ರಿಂದ ಲೈಡನ್ ವಿಶ್ವವಿದ್ಯಾಲಯದಲ್ಲಿದ್ದ ಈತ ಕಾಲಗಣನಾಶಾಸ್ತ್ರದ ಪ್ರಚಂಡ ಪಂಡಿತ. ಐರೋಪ್ಯ ಭಾಷೆಗಳನ್ನು 'ದೇವರು' ಎಂಬ ಅರ್ಥದ ಪದದ ಆಧಾರದಿಂದ ಪರಸ್ಪರ ಸಂಬಂಧವಿಲ್ಲದ ಮಾತೃಭಾಷೆಗಳಾಗಿ ವಿಂಗಡಿಸಿದ ಕಿರುಪ್ರಬಂಧವೊಂದರ ಕರ್ತೃ. ಆ ಪ್ರಬಂಧ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1610ರಲ್ಲಿ. ಅವನ ಮರಣಶಾಸನದಂತೆ ಹೀಬ್ರೂ, ಅರಬ್ಬೀ, ಸಿರಿಯಾಕ್ ಮೊದಲಾದ ಪೌರ್ವಾತ್ಯ ಭಾಷೆಗಳ ಗ್ರಂಥಗಳು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸಂದವು; ಉಳಿದ ಬಹುಪಾಲು 1609ರಲ್ಲಿಯೇ ಎಲ್ಜೆವೀರ್ ಮಳಿಗೆಯ ಹರಾಜಿನಲ್ಲಿ ಚದುರಿಹೋದವು. ಲೈಡನ್ ಗ್ರಂಥಾಲಯದ 1610ರ ಪ್ರಸಿದ್ಧ ಕೆತ್ತನೆಚಿತ್ರದಲ್ಲಿ ಸ್ಕಾಲಿಗರನ ಹೆಸರಿನ ಪ್ರತ್ಯೇಕ ಕಪಾಟು ಇಂದಿಗೂ ಕಾಣುತ್ತದೆ. ಪರಿಣಾಮವನ್ನು ಗಮನಿಸಬೇಕು. ಅವನ ಪೌರ್ವಾತ್ಯ ಪಾಂಡಿತ್ಯ ಒಂದೆಡೆ ಉಳಿದು ಅಧ್ಯಯನಕ್ಕೆ ಸುಲಭವಾಯಿತು. ಐರೋಪ್ಯ ಭಾಷೆಗಳ ಮೇಲಿನ ಕೆಲಸಕ್ಕೆ ಒದಗಿದ, ಅವನ ಕೈಬರಹದ ಟಿಪ್ಪಣಿಗಳುಳ್ಳ ಪುಸ್ತಕಗಳನ್ನು ಹತ್ತಾರು ಊರುಗಳ ಗ್ರಂಥಾಲಯಗಳಲ್ಲಿ ಒಂದೊಂದಾಗಿ ಹುಡುಕಬೇಕಾಯಿತು. ಮರಣಶಾಸನದಲ್ಲಿ ಎಳೆದ ಒಂದು ಗೆರೆ ಭಾಷಾಧ್ಯಯನದ ಇತಿಹಾಸದಲ್ಲಿಯೂ ಗೆರೆಯಾಗಿ ನಿಂತಿತು.

ಪೈಯವರನ್ನು ಸ್ಕಾಲಿಗರನಿಗೆ ಹೋಲಿಸಿ ಮೆಚ್ಚಿಸುವುದು ನಮ್ಮ ಉದ್ದೇಶವಲ್ಲ. ಇಬ್ಬರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಸ್ಕಾಲಿಗರನಿಗೆ ವಿಶ್ವವಿದ್ಯಾಲಯವಿತ್ತು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದ ಪೈಯವರು ತಂದೆಯ ಮರಣದಿಂದಾಗಿ ಪದವಿ ಮುಗಿಸದೆ ಊರಿಗೆ ಮರಳಿದರು. ಅವರ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ದೊರೆತದ್ದು 1980ರಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳ ಬಳಿಕ. ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು ಮಣಿಪಾಲದ ಅಕಾಡೆಮಿಯ ಆಶ್ರಯದಲ್ಲಿ ಆರಂಭವಾದ 1949ರ ಹೊತ್ತಿಗೆ ಅವರ ವಯಸ್ಸು ಅರುವತ್ತಾರು. ಹೀಗಾಗಿ ಸಹೋದ್ಯೋಗಿಗಳು, ವಿಚಾರಗೋಷ್ಠಿ, ಸಂಶೋಧನಗ್ರಂಥಾಲಯ ಇವೆಲ್ಲದರ ಜಾಗದಲ್ಲಿ ಅವರಿಗಿದ್ದದ್ದು ಅಂಚೆ ಮತ್ತು ಕಪಾಟು. ಬುದ್ಧನ ನಿರ್ವಾಣದ ಕಾಲದಿಂದ ಹಿಡಿದು ಕನ್ನಡ ಕವಿಗಳ ಕಾಲನಿರ್ಣಯದವರೆಗೆ ಅವರು ಬರೆದದ್ದನ್ನು ಇಂದು ಓದುವಾಗ ಇದನ್ನು ಮರೆಯಬಾರದು. ಅವರ ತಪ್ಪು-ಒಪ್ಪುಗಳೆರಡಕ್ಕೂ ಒಂದು ಭೌತಿಕ ಮಿತಿಯಿತ್ತು. ಆ ಮಿತಿಯನ್ನು ಅಳೆಯಲು ಇಂದಿಗೂ ಸಾಧ್ಯವಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಜೇಶ್ವರ ಕೇರಳಕ್ಕೆ ಸೇರಿತು. ಮನೆ ಗಡಿಯ ಆಚೆಗೆ ಉಳಿಯಿತು, ಪುಸ್ತಕಗಳು ಈಚೆಗೆ ಬಂದವು. ಸಂಗ್ರಹವೊಂದು ಸ್ಥಳಾಂತರಗೊಂಡಾಗ ಮೊದಲು ಅಳಿಯುವುದು ಅದರ ಜೋಡಣೆಯ ಕ್ರಮ.

ಈಗ ವಿವಾದಕ್ಕೆ ಬರೋಣ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ, ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ಸೊಂದನ್ನು ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ 413ನೆಯ ಸಂಖ್ಯೆಯಾಗಿ ಪ್ರಕಟಿಸಿದರು. ಅದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಕಾರಿಟಿಯಾನ್ ಎಂಬ ಗ್ರೀಕ್ ಯುವತಿ ಭಾರತದ ಕಡಲತೀರದ ದೇವಾಲಯವೊಂದರಲ್ಲಿ ಸೆರೆಯಾಗಿದ್ದಾಳೆ. ಅಣ್ಣನ ಕಡೆಯವರು ಬಂದು ಅಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ರಾಜನೂ ಅವನ ಜನರೂ ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿವೆ, ಆದರೆ ಗ್ರೀಕ್ ಭಾಷೆಯವಲ್ಲ. ಮದರಾಸು ಸರಕಾರದ ಶಾಸನತಜ್ಞರಾಗಿದ್ದು ಆಗಷ್ಟೇ ಜರ್ಮನಿಯ ಹಾಲೆಗೆ ಪ್ರಾಧ್ಯಾಪಕರಾಗಿ ಹೋಗಿದ್ದ ಇ. ಹುಲ್ಟ್ಸ್ 1904ರಲ್ಲಿ ಈ ಮಾತುಗಳು ಕನ್ನಡದವೆಂದು ಸೂಚಿಸಿದರು. ಆರ್. ಶಾಮಾಶಾಸ್ತ್ರಿಗಳು ಈ ದಾರಿಯಲ್ಲಿ ಮುಂದುವರಿದರು. ಪೈಯವರು ಪ್ರಹಸನದ ಘಟನಾಸ್ಥಳ ಉಡುಪಿಯ ಸಮೀಪದ ಉದ್ಯಾವರವೆಂದು ಅಭಿಪ್ರಾಯಪಟ್ಟರು. ಬಿ. ಎ. ಸಾಲೆತ್ತೂರು ಅದನ್ನು ಒಪ್ಪದೆ ಮಲ್ಪೆಯ ಬಳಿಯ ವಡಭಾಂಡೇಶ್ವರವನ್ನು ಗುರುತಿಸಿದರು. ಎರಡು ಸ್ಥಳಗಳ ನಡುವಣ ದೂರ ಕೆಲವೇ ಮೈಲಿ. ನೈಲ್ ನದಿಯ ದಂಡೆಯಲ್ಲಿ ಸಿಕ್ಕ ಚೂರೊಂದು ಉಡುಪಿಯ ಎರಡು ಊರುಗಳ ನಡುವೆ ಪೈಪೋಟಿ ಹುಟ್ಟಿಸಿದ್ದು ಪಾಂಡಿತ್ಯದ ಇತಿಹಾಸದಲ್ಲಿ ಅಪರೂಪದ ಪ್ರಸಂಗ.

ಉದ್ಯಾವರವೇ ಏಕೆ ಎಂಬ ಪ್ರಶ್ನೆಗೆ ಕಪಾಟಿನ ಕಡೆಯಿಂದ ಒಂದು ಉತ್ತರವಿದೆ. ಪಪೈರಸ್ಸಿನ ಮಾತುಗಳನ್ನು ಕನ್ನಡವೆಂದು ಓದಿದ ಹುಲ್ಟ್ಸರೇ ಉದ್ಯಾವರದ ಆಳುಪ ಶಾಸನಗಳನ್ನೂ 'ಎಪಿಗ್ರಾಫಿಯಾ ಇಂಡಿಕಾ'ದ 9ನೆಯ ಸಂಪುಟದಲ್ಲಿ ಸಂಪಾದಿಸಿದರು. ಎಂಟನೆಯ ಶತಮಾನದಿಂದೀಚೆಗೆ ಆಳುಪರ ರಾಜಧಾನಿಯಾಗಿ, ಅಂತಃಕಲಹಗಳ ರಣಭೂಮಿಯಾಗಿ ಉದ್ಯಾವರದ ಹೆಸರು ವಿದ್ವಲ್ಲೋಕದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಆ ಸಂಪುಟದಿಂದ. ಒಬ್ಬನೇ ಸಂಪಾದಕನ ಈ ಎರಡು ಬರಹಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ ಕರಾವಳಿಯ ವಿದ್ವಾಂಸನಿಗೆ ಉದ್ಯಾವರ ಹೊಳೆಯುವುದು ಸಹಜ. ಆದರೆ ಶಾಸನಗಳು ಎಂಟನೆಯ ಶತಮಾನದವು, ಪಪೈರಸ್ಸು ಎರಡನೆಯ ಶತಮಾನದ್ದು. ನಡುವಣ ಆರು ನೂರು ವರ್ಷಗಳನ್ನು ಕಪಾಟಿನ ಸಾಮೀಪ್ಯ ಅಳಿಸಿಹಾಕುತ್ತದೆ. ಮುದ್ರಿತ ಆಧಾರ ಹೆಚ್ಚಾಗಿರುವ ಊರು ಪ್ರಾಚೀನತೆಯಲ್ಲಿಯೂ ಮುಂದೆ ನಿಲ್ಲುವುದು ಇಂಥ ಓದಿನ ಸ್ವಭಾವ.

ಸಾಲೆತ್ತೂರರ ವಾದಕ್ಕೂ ಇದೇ ಬಗೆಯ ದೋಷವಿದೆ, ಅದರ ಮೂಲ ಮಾತ್ರ ಬೇರೆ. ಅವರು ಪ್ರಹಸನದ ಕಡಲು, ದೇವಾಲಯ, ಕಾಡು, ಹೊಳೆಗಳನ್ನು ಹಿಡಿದು ಅದಕ್ಕೆ ಹೊಂದುವ ನೆಲವನ್ನು ಹುಡುಕಿದರು. ಆದರೆ ಕಡಲತೀರದ ದೇವಾಲಯದಲ್ಲಿ ಬಲಿಯ ಭಯದಲ್ಲಿರುವ ಗ್ರೀಕ್ ಹೆಣ್ಣು, ಬಿಡಿಸಲು ಬರುವ ಸೋದರ, ಹಡಗಿನಲ್ಲಿ ಪಲಾಯನ ಇವೆಲ್ಲ ಯೂರಿಪಿಡೀಸನ ಇಫಿಗೇನಿಯಾ ನಾಟಕದಿಂದ ಬಂದ ಚೌಕಟ್ಟು. ಅಲ್ಲಿ ಸ್ಥಳ ಕಪ್ಪುಸಮುದ್ರದ ಟಾರಿಸ್. ಮದ್ಯ ಕುಡಿಸಿ ಬೇಸ್ತುಬೀಳಿಸುವ ಉಪಾಯವೂ ಗ್ರೀಕ್ ಸಾಹಿತ್ಯದಲ್ಲಿ ಹಳೆಯದೇ. ವಿಡಂಬನಕಾರನೊಬ್ಬ ಹಳೆಯ ನಾಟಕದ ರಂಗಸಜ್ಜಿಕೆಯನ್ನು ಎತ್ತಿ ಭಾರತಕ್ಕೆ ತಂದಿಟ್ಟಿದ್ದಾನೆ. ಆ ಸಜ್ಜಿಕೆಗೆ ಮಲ್ಪೆಯಲ್ಲಿ ಸರ್ವೇ ನಂಬರು ಹುಡುಕುವುದು ಎಷ್ಟು ಉಚಿತ? ಕೃತಿಯ ವಿದೂಷಕ ಶತ್ರುಗಳನ್ನು ಹಿಮ್ಮೆಟ್ಟಿಸಲು ಬಳಸುವ ಆಯುಧ ಅಧೋವಾಯು ಎಂಬುದನ್ನು ನಮ್ಮ ಕನ್ನಡ ಲೇಖನಗಳು ಸಂಕೋಚದಿಂದ ಬಿಟ್ಟುಬಿಡುತ್ತವೆ. ಅದನ್ನು ಹೇಳಿದ್ದರೆ ಕೃತಿಯ ಪ್ರಕಾರ ಯಾವುದು, ಅದರಿಂದ ಎಂಥ ಭೂಗೋಳವನ್ನು ನಿರೀಕ್ಷಿಸಬಹುದು ಎಂಬುದು ಓದುಗರಿಗೆ ಬೇಗ ತಿಳಿಯುತ್ತಿತ್ತು.

ಸ್ಥಳದ ಪ್ರಶ್ನೆಗಿಂತ ಭಾಷೆಯ ಪ್ರಶ್ನೆ ಗಂಭೀರವಾದದ್ದು. ಹುಲ್ಟ್ಸರು ಗುರುತಿಸಿದ ರೂಪಗಳಲ್ಲಿ 'ಬೇರೆ', 'ಕೊಂಚ', 'ಮಧು', 'ಪಾತ್ರಕ್ಕೆ', 'ಹಾಕಿ', 'ಎತ್ತುವೆನು' ಮುಂತಾದವು ಸೇರುತ್ತವೆ. ಇಂದಿನ ಓದುಗನಿಗೆ ಇವು ಥಟ್ಟನೆ ಅರ್ಥವಾಗುತ್ತವೆ. ಅನುಮಾನ ಹುಟ್ಟಬೇಕಾದದ್ದು ಇಲ್ಲಿಯೇ. 'ಹಾಕು' ನಡುಗನ್ನಡದ 'ಹಾಯ್ಕು'ವಿನ ಈಚಿನ ರೂಪ. ಪದಾದಿಯ ಪಕಾರ ಹಕಾರವಾಗುವುದು ಶಾಸನಗಳಲ್ಲಿ ಕಾಣತೊಡಗುವುದು ಸುಮಾರು ಹತ್ತನೆಯ ಶತಮಾನದಿಂದ. ಉತ್ತಮಪುರುಷ ಏಕವಚನದ '-ಎನು' ಕೂಡ ಹಳಗನ್ನಡದ '-ಎಂ' ರೂಪದ ಮುಂದಿನ ಬೆಳವಣಿಗೆ. ಹುಲ್ಟ್ಸರು ಇದನ್ನು ಅರಿಯದವರಲ್ಲ. ಓದುಗನ ಅನುಕೂಲಕ್ಕಾಗಿ ಈಚಿನ ರೂಪಗಳನ್ನು ಕೊಟ್ಟರೆಂದು ಅವರ ಪರವಾಗಿ ವಾದಿಸಬಹುದು. ಹಾಗೆ ವಾದಿಸಿದರೆ ಎರಡನೆಯ ಶತಮಾನದ ರೂಪಗಳು ಏನಾಗಿರಬೇಕೆಂದು ಪುನಾರಚಿಸಿ, ಅವುಗಳನ್ನೇ ಗ್ರೀಕ್ ಅಕ್ಷರಗಳೊಂದಿಗೆ ಹೋಲಿಸಬೇಕಾಗುತ್ತದೆ. ಆ ಕೆಲಸ ಆಗಲಿಲ್ಲ.

ಆ ಕಾಲದ ಕಪಾಟಿನಲ್ಲಿ ಏನಿರಬಹುದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1904ರ ಹೊತ್ತಿಗೆ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು (1894) ಅಚ್ಚಾಗಿ ಹತ್ತು ವರ್ಷವಾಗಿತ್ತು. 'ಶಬ್ದಮಣಿದರ್ಪಣ' 1872ರಿಂದಲೂ, 'ಕವಿರಾಜಮಾರ್ಗ' 1898ರಿಂದಲೂ ಮುದ್ರಣದಲ್ಲಿದ್ದವು. ಕಾಲ್ಡ್‌ವೆಲ್ಲರ ತೌಲನಿಕ ವ್ಯಾಕರಣದ ಎರಡನೆಯ ಆವೃತ್ತಿ 1875ರದು. ಆದರೆ ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ. ಐದನೆಯ ಶತಮಾನದ ಕನ್ನಡ ಹೇಗಿತ್ತೆಂಬುದಕ್ಕೆ ಒರೆಗಲ್ಲು ಸಿಕ್ಕಿದ್ದು ಆಮೇಲೆಯೇ. ಪ್ರಾಚೀನ ಶಾಸನಗಳ ಭಾಷೆಯನ್ನು ಕುರಿತ ಎ. ಎನ್. ನರಸಿಂಹಯ್ಯನವರ ವ್ಯಾಕರಣ 1941ರಲ್ಲಿ, ಜಿ. ಎಸ್. ಗಾಯಿಯವರ ಚಾರಿತ್ರಿಕ ವ್ಯಾಕರಣ 1946ರಲ್ಲಿ ಬಂದವು. ಕಿಟೆಲ್ಲರ ನಿಘಂಟು ಅಸಾಧಾರಣ ಕೃತಿ. ಆದರೆ ಅದರಲ್ಲಿ ಹಳಗನ್ನಡ, ನಡುಗನ್ನಡ, ಮಂಗಳೂರು-ಧಾರವಾಡಗಳ ಆಡುಮಾತು ಒಂದೇ ಅಕಾರಾದಿಯಲ್ಲಿ ಕುಳಿತಿವೆ. ಅಪರಿಚಿತ ಧ್ವನಿಮಾಲೆಯೊಂದನ್ನು ಹಿಡಿದು ಅಂಥ ನಿಘಂಟನ್ನು ತೆರೆದವನಿಗೆ ಯಾವುದಾದರೊಂದು ಶತಮಾನದ ಯಾವುದಾದರೊಂದು ಪದ ಹೊಂದಿಯೇ ಹೊಂದುತ್ತದೆ.

ಗ್ರೀಕ್ ಲಿಪಿಯ ಕಡೆಯಿಂದ ನೋಡಿದರೆ ಸಡಿಲು ಇನ್ನೂ ಹೆಚ್ಚು. ರೋಮನ್ ಆಳ್ವಿಕೆಯ ಈಜಿಪ್ಟಿನ ಲಿಪಿಕಾರರು ಘೋಷ-ಅಘೋಷ ಸ್ಪರ್ಶಗಳನ್ನು ಪದೇಪದೇ ಬೆರೆಸುತ್ತಿದ್ದರು. ಅಯೋಟಾ ಮತ್ತು ಎಪ್ಸಿಲಾನ್-ಅಯೋಟಾಗಳು ಅಷ್ಟುಹೊತ್ತಿಗೆ ಒಂದೇ ಉಚ್ಚಾರಣೆಗೆ ಇಳಿದಿದ್ದವು. ಮೂರ್ಧನ್ಯಗಳಿಗೆ ಅಕ್ಷರವೇ ಇಲ್ಲ. ಹಕಾರಕ್ಕೆ ವಾಡಿಕೆಯ ಬರವಣಿಗೆಯಲ್ಲಿ ಗುರುತಿಲ್ಲ. ಪದವಿಭಾಗವನ್ನು ನಾವೇ ಮಾಡಿಕೊಳ್ಳಬೇಕು. ಇಷ್ಟೆಲ್ಲ ಸ್ವಾತಂತ್ರ್ಯವಿರುವಲ್ಲಿ ಹೊಂದಾಣಿಕೆ ಸಿಕ್ಕಿತೆಂಬುದು ಪ್ರಮಾಣವಾಗದು. ಎಷ್ಟು ಸುಲಭವಾಗಿ ಸಿಕ್ಕಿತು, ಬೇರೆ ಭಾಷೆಗೂ ಅಷ್ಟೇ ಸುಲಭವಾಗಿ ಸಿಗುತ್ತದೆಯೇ ಎಂಬುದನ್ನು ಕೇಳಬೇಕು.

ಈ ಆಕ್ಷೇಪ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. 1926ರಲ್ಲಿಯೇ ಎಲ್. ಡಿ. ಬಾರ್ನೆಟ್ ಈಜಿಪ್ಟಿನ ಪುರಾತತ್ತ್ವಕ್ಕೆ ಮೀಸಲಾದ ಆಂಗ್ಲ ಪತ್ರಿಕೆಯೊಂದರಲ್ಲಿ ಹುಲ್ಟ್ಸರ ಓದನ್ನು ಅಲ್ಲಗಳೆದಿದ್ದರು. ಬಾರ್ನೆಟ್ಟರು ಕನ್ನಡ ತಿಳಿಯದ ಯುರೋಪಿಯನ್ ಸಂದೇಹವಾದಿಯಲ್ಲ. ಧಾರವಾಡ ಸೀಮೆಯ ಹಲವಾರು ಕನ್ನಡ ಶಾಸನಗಳ ಸಂಪಾದಕರು. ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ, ಬಡಗ, ಕೊಡಗು ಪುಸ್ತಕಗಳ ಸೂಚಿಯನ್ನು 1910ರಲ್ಲಿ ಸಿದ್ಧಪಡಿಸಿದವರೂ ಅವರೇ. ಕನ್ನಡದಲ್ಲಿ ಅಚ್ಚಾದ ಪುಸ್ತಕಗಳನ್ನು ಅವರಷ್ಟು ಸಮಗ್ರವಾಗಿ ಕೈಯಲ್ಲಿ ಹಿಡಿದು ನೋಡಿದವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು. ಹಾಗಿದ್ದೂ ಪ್ರಹಸನವು ಕನ್ನಡದ ಪ್ರಾಚೀನತೆಗೆ ಪ್ರಮಾಣವೆಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ, ಭಾಷಣಗಳಲ್ಲಿ ಉಳಿದುಕೊಂಡಿತು. ಬಾರ್ನೆಟ್ಟರ ಹೆಸರು ಉಳಿಯಲಿಲ್ಲ. ಇದಕ್ಕೆ ಅಭಿಮಾನವೊಂದೇ ಕಾರಣವೆಂದು ನಾವು ಭಾವಿಸುವುದಿಲ್ಲ. ಹುಲ್ಟ್ಸರ ಬರಹ ಪ್ರಕಟವಾದದ್ದು ಭಾರತೀಯ ವಿದ್ವಾಂಸರು ನೋಡುತ್ತಿದ್ದ ರಾಯಲ್ ಏಷ್ಯಾಟಿ‌ಕ್ ಸೊಸೈಟಿಯ ಪತ್ರಿಕೆಯಲ್ಲಿ; ಜೊತೆಗೆ 'ಹೆರ್ಮೆಸ್' ಎಂಬ ಜರ್ಮನ್ ಪತ್ರಿಕೆಯಲ್ಲಿ. ಬಾರ್ನೆಟ್ಟರ ಖಂಡನೆ ಪ್ರಕಟವಾದದ್ದು ಶಾಸನಕಾರರಾಗಲಿ ಕನ್ನಡ ಪಂಡಿತರಾಗಲಿ ತರಿಸಲು ಕಾರಣವೇ ಇಲ್ಲದ ಪತ್ರಿಕೆಯಲ್ಲಿ. ಒಂದು ವಾದದ ಆಯುಷ್ಯವನ್ನು ಅದರ ಬಲದಷ್ಟೇ ಅದು ಯಾವ ಕಪಾಟಿಗೆ ಬರುತ್ತದೆ ಎಂಬುದೂ ನಿರ್ಧರಿಸುತ್ತದೆ.

ಪಿ. ಶಿವಪ್ರಸಾದ ರೈಯವರು 1985ರಲ್ಲಿ ಅದೇ ಮಾತುಗಳನ್ನು ತುಳುವೆಂದು ಓದಿದಾಗ ವಿವಾದ ಹೊಸ ತಿರುವು ಪಡೆಯಿತು. ಕಾಲವನ್ನು ಗಮನಿಸಬೇಕು. ಪೈಯವರು ಬದುಕಿದ್ದಾಗ ತುಳುವಿಗೆ ಹಳೆಯ ಗ್ರಂಥಸಾಹಿತ್ಯವಿಲ್ಲವೆಂಬುದು ಸಾಮಾನ್ಯ ಗ್ರಹಿಕೆ. ವೆಂಕಟರಾಜ ಪುಣಿಂಚತ್ತಾಯರ ಶೋಧದಿಂದ 'ಶ್ರೀ ಭಾಗವತೊ' ಮೊದಲಾದ ಪ್ರಾಚೀನ ತುಳು ಕಾವ್ಯಗಳು ಅಚ್ಚಿಗೆ ಬಂದದ್ದು 1980ರ ದಶಕದ ಸುಮಾರಿಗೆ. ಹಳೆಯ ತುಳು ಎಂಬುದೊಂದಿದೆ ಎಂದು ಮುದ್ರಣ ತೋರಿಸಿಕೊಟ್ಟ ಮೇಲೆ ಪಪೈರಸ್ಸಿನಲ್ಲಿ ತುಳು ಕೇಳಿಸತೊಡಗಿತು. ಮನೆಯಂಗಳದಲ್ಲಿ ತುಳು ಕೇಳುತ್ತಲೇ ಬೆಳೆದ ಪೈಯವರಿಗೆ ಆ ಸಾಧ್ಯತೆ ಮುಖ್ಯವಾಗಿ ತೋರದಿದ್ದುದು ಕಿವಿಯ ದೋಷವಲ್ಲ. ಪ್ರಮಾಣವೆಂದರೆ ಮುದ್ರಿತ ಪ್ರಮಾಣ ಎಂಬ ಶಿಸ್ತಿನಲ್ಲಿ ಅವರು ಕೆಲಸ ಮಾಡುತ್ತಿದ್ದರು. ಆ ಶಿಸ್ತಿನ ಪ್ರಕಾರ ತುಳುವಿಗೆ ಎರಡನೆಯ ಶತಮಾನದ ಬಗ್ಗೆ ಸಾಕ್ಷಿ ನುಡಿಯುವ ಅರ್ಹತೆ ಇರಲಿಲ್ಲ.

ತುಳು ಓದು ಕನ್ನಡ ಓದಿಗಿಂತ ಹೆಚ್ಚು ಸಮರ್ಥವೇ? ನಮಗೆ ಹಾಗನ್ನಿಸುವುದಿಲ್ಲ. ಪದಾದಿ ಪಕಾರವನ್ನು ತುಳು ಇಂದಿಗೂ ಉಳಿಸಿಕೊಂಡಿದೆ: ಕನ್ನಡದ 'ಹೋಗು' ಎಂಬಲ್ಲಿ ತುಳುವಿನದು 'ಪೋ'. ಆದ್ದರಿಂದ ಪಪೈರಸ್ಸಿನಲ್ಲಿ ಪಕಾರ ಕಂಡರೆ ಅದು ತುಳುವಿನ ಪರ ಎಂದು ತೋರಬಹುದು. ಆದರೆ ಎರಡನೆಯ ಶತಮಾನದಲ್ಲಿ ಕನ್ನಡವೂ ಪಕಾರವನ್ನು ಉಳಿಸಿಕೊಂಡೇ ಇತ್ತು. ಅಲ್ಲಿ ಪಕಾರ ಯಾರ ಪರವೂ ಅಲ್ಲ. ಎರಡು ಸೋದರಭಾಷೆಗಳನ್ನು ಬೇರ್ಪಡಿಸಲು ಎರಡರಲ್ಲಿಯೂ ಉಳಿದ ಲಕ್ಷಣಗಳು ಒದಗುವುದಿಲ್ಲ, ಒಂದರಲ್ಲಿ ಮಾತ್ರ ಆದ ಬದಲಾವಣೆಗಳು ಬೇಕು. ಉದಾಹರಣೆಗೆ ಚತುರ್ಥಿಯಲ್ಲಿ ಕನ್ನಡದ ಪ್ರತ್ಯಯ ಎಕಾರಾಂತ (-ಗೆ, -ಕೆ, -ಕ್ಕೆ), ತುಳುವಿನದು ಉಕಾರದ ಕಡೆಯದು (-ಗು, -ಕು). 'ಪಾತ್ರಕ್ಕೆ' ಎಂದು ಓದಿದ ರೂಪದ ಕೊನೆಯ ಸ್ವರವೊಂದೇ ಅಲ್ಲಿ ವಿವೇಚನೆಗೆ ಅರ್ಹವಾದ ಅಂಶ. ಅದನ್ನು ಹುಲ್ಟ್ಸರ ಪುನಾರಚಿತ ರೂಪದಿಂದ ತೀರ್ಮಾನಿಸುವಂತಿಲ್ಲ. ಪಪೈರಸ್ಸಿನ ಸಂಪಾದಿತ ಪಾಠದಲ್ಲಿ ಇರುವ ಅಕ್ಷರಗಳಿಂದಲೇ ತೀರ್ಮಾನಿಸಬೇಕು. 'ಪಾತ್ರ', 'ಮಧು'ಗಳಂಥ ಸಂಸ್ಕೃತ ಪದಗಳು ಯಾವ ಭಾಷೆಯ ಪರವಾಗಿಯೂ ಸಾಕ್ಷಿಯಾಗಲಾರವು. ಇಷ್ಟನ್ನು ಕಳೆದರೆ ಎರಡೂ ಪಕ್ಷಗಳ ಕೈಯಲ್ಲಿ ಉಳಿಯುವುದು ಅತ್ಯಲ್ಪ. ಅರ್ಥವಿಲ್ಲದ 'ಅನ್ಯಭಾಷೆ'ಯನ್ನು ಪ್ರೇಕ್ಷಕರನ್ನು ನಗಿಸಲು ಹೆಣೆದಿರಬಹುದೆಂಬ ಮೂರನೆಯ ಸಾಧ್ಯತೆಯನ್ನು ತಳ್ಳಿಹಾಕುವ ಹೊಣೆ ಇಬ್ಬರ ಮೇಲೂ ಇದೆ.

ಪೈಯವರ ಸಂಗ್ರಹವಿರುವ ಕೇಂದ್ರದಲ್ಲಿಯೇ ತುಳು ನಿಘಂಟು ಸಿದ್ಧವಾದದ್ದು ಈ ಹಿನ್ನೆಲೆಯಲ್ಲಿ ವಿಶೇಷ ಅರ್ಥ ಪಡೆಯುತ್ತದೆ. ಆ ನಿಘಂಟಿನ ಬಲ ಕಪಾಟಿನಿಂದ ಬಂದದ್ದಲ್ಲ. ಪ್ರಾದೇಶಿಕ ಮತ್ತು ಸಾಮಾಜಿಕ ಉಪಭಾಷೆಗಳನ್ನು, ಪಾಡ್ದನಗಳನ್ನು, ಕಸುಬುಗಳ ಪದಗಳನ್ನು ಜನರ ಬಾಯಿಂದ ಸಂಗ್ರಹಿಸಿ, ಸೋದರಭಾಷೆಗಳ ಜ್ಞಾತಿಪದಗಳೊಂದಿಗೆ ಹೋಲಿಸಿ ಕಟ್ಟಿದ ಕೃತಿ ಅದು. ಪುಸ್ತಕಗಳು ಅತಿ ಕಡಿಮೆ ಜಾಗ ಕೊಟ್ಟಿದ್ದ ಭಾಷೆಗೆ ಆರು ಸಂಪುಟಗಳು ಬಂದದ್ದು ಪುಸ್ತಕಗಳಿಂದ ಹೊರಗೆ ಹೋದದ್ದರಿಂದ. ಇಂದು ಪಪೈರಸ್ಸನ್ನು ಮತ್ತೆ ಓದಹೊರಡುವವರು ಬರೋ ಮತ್ತು ಎಮೆನೋರ ದ್ರಾವಿಡ ಜ್ಞಾತಿಪದಕೋಶದ ಪರಿಷ್ಕೃತ ಆವೃತ್ತಿಯೊಂದಿಗೆ (1984) ಈ ಸಂಪುಟಗಳನ್ನೂ ತೆರೆಯಬೇಕಾಗುತ್ತದೆ. ಆದರೆ ಕಿಟೆಲ್ಲರ ನಿಘಂಟಿನಿಂದ ಹುಲ್ಟ್ಸರಿಗೆ ಎದುರಾದ ಅಪಾಯವೇ ಇಲ್ಲಿಯೂ ಇದೆ. ನಿಘಂಟು ದೊಡ್ಡದಾದಷ್ಟೂ ಆಕಸ್ಮಿಕ ಹೊಂದಾಣಿಕೆಗಳು ಹೆಚ್ಚುತ್ತವೆ.

ಸಂಗ್ರಹದ ನಿರ್ವಹಣೆಯ ಬಗ್ಗೆ ಒಂದು ಮಾತು. ಖಾಸಗಿ ಸಂಗ್ರಹಗಳು ಸಂಸ್ಥೆಗಳಿಗೆ ಬಂದಾಗ ಭಾಷೆ ಅಥವಾ ವಿಷಯವನ್ನು ಹಿಡಿದು ವಿಂಗಡಿಸುವುದು ವಾಡಿಕೆ. ಡ್ಯೂಯಿಯವರ ದಶಮಾಂಶ ಪದ್ಧತಿಯಲ್ಲಿ ಭಾಷಾವಿಜ್ಞಾನಕ್ಕೆ 400ರ ವರ್ಗ, ಚರಿತ್ರೆ-ಭೂಗೋಳಗಳಿಗೆ 900ರ ವರ್ಗ. ಕಾಲಗಣನೆಗೆ ಖಗೋಳದ ನೆರೆಯಲ್ಲಿ 529. ಸ್ಕಾಲಿಗರನಂತೆ ಪೈಯವರಿಗೂ ಈ ಮೂರು ಒಂದೇ ಮೇಜಿನ ಮೇಲಿನ ಕೆಲಸ. ಉದ್ಯಾವರದ ವಾದ ಹುಟ್ಟಿದ್ದು ಶಾಸನಸಂಪುಟ, ಪಪೈರಸ್ಸಿನ ಚರ್ಚೆ, ನಿಘಂಟು ಇವು ಮೂರನ್ನೂ ಕೂಡಿಸಿ ಓದುವ ಕ್ರಮದಲ್ಲಿ. ವರ್ಗೀಕರಣ ಅವನ್ನು ಮೂರು ಕೋಣೆಗಳಿಗೆ ಕಳುಹಿಸಿದರೆ ವಾದದ ಹುಟ್ಟು ಕಾಣದಾಗುತ್ತದೆ. ಲೈಡನ್ನಿನಲ್ಲಿ ಸ್ಕಾಲಿಗರನ ಪುಸ್ತಕಗಳ ಕ್ರಮಾಂಕಗಳಲ್ಲಿ ಅವನ ಹೆಸರನ್ನು ಉಳಿಸಿಕೊಂಡದ್ದರಿಂದ ನಾಲ್ಕು ಶತಮಾನಗಳ ಬಳಿಕವೂ ಆ ಭಾಗವನ್ನು ಒಂದಾಗಿ ಓದಲು ಸಾಧ್ಯವಾಯಿತು. ಡಿಜಿಟಲ್ ಸೂಚಿಗಳನ್ನು ಸಿದ್ಧಪಡಿಸುವ ಈ ದಿನಗಳಲ್ಲಿ ಪ್ರತಿ ಪುಸ್ತಕದ ದಾಖಲೆಯಲ್ಲಿ ಒಡೆತನ, ಕೊಂಡ ವರ್ಷ, ಪುಟದಂಚಿನ ಬರಹ, ನಡುವೆ ಇಟ್ಟ ಚೀಟಿ ಇವುಗಳಿಗೆ ಪ್ರತ್ಯೇಕ ಅಂಕಣ ತೆರೆಯಲು ಹೆಚ್ಚಿನ ಖರ್ಚಿಲ್ಲ. ಪುಸ್ತಕವನ್ನು ಸ್ಕ್ಯಾನ್ ಮಾಡುವಾಗ ಖಾಲಿ ಹಾಳೆಗಳನ್ನೂ ಒಳರಟ್ಟುಗಳನ್ನೂ ಬಿಟ್ಟುಬಿಡುವ ಅಭ್ಯಾಸ ಹಲವೆಡೆ ಇದೆ. ಮಾಲೀಕನ ಕೈಬರಹ ಹೆಚ್ಚಾಗಿ ಇರುವುದು ಅಲ್ಲಿಯೇ.

ಡಾಕ್ಟರೇಟ್ ಪದವಿಗೆ ವಸ್ತು ಹುಡುಕುತ್ತಿರುವವರಿಗೆ ಇಲ್ಲಿ ನಿರ್ದಿಷ್ಟವಾದ ಕೆಲಸವಿದೆ. ಪೈಯವರ ಸಂಶೋಧನಲೇಖನಗಳಲ್ಲಿ, ಮುಖ್ಯವಾಗಿ ತುಳುನಾಡಿನ ಪ್ರಾಚೀನತೆಯನ್ನು ಕುರಿತವುಗಳಲ್ಲಿ, ಉಲ್ಲೇಖಗೊಂಡ ಪ್ರತಿಯೊಂದು ಗ್ರಂಥವನ್ನೂ ಪಟ್ಟಿಮಾಡಿ ಉಡುಪಿಯ ಸಂಗ್ರಹದೊಂದಿಗೆ ತಾಳೆ ನೋಡಬೇಕು. ಲೇಖನದಲ್ಲಿ ಉಲ್ಲೇಖವಿದ್ದು ಕಪಾಟಿನಲ್ಲಿಲ್ಲದ ಗ್ರಂಥಗಳು ಎರವಲು, ಪತ್ರವ್ಯವಹಾರ, ಪರೋಕ್ಷ ಉಲ್ಲೇಖಗಳ ಜಾಡನ್ನು ತೋರಿಸುತ್ತವೆ. ಕಪಾಟಿನಲ್ಲಿದ್ದೂ ಲೇಖನದಲ್ಲಿ ಬಾರದ ಗ್ರಂಥಗಳು ಇನ್ನೂ ಕುತೂಹಲಕರ. ಮ್ಯಾನರರ ನಿಘಂಟಿನ ಅಂಚುಗಳಲ್ಲಿ ಗೀಟು, ಗುರುತುಗಳಿದ್ದರೆ ಅವು ಯಾವ ನಮೂದುಗಳ ಎದುರಿನವು? 1936ರ ಬಳಿಕ ಹಲ್ಮಿಡಿಯ ವರದಿಯನ್ನು, 1941ರ ಬಳಿಕ ನರಸಿಂಹಯ್ಯನವರ ವ್ಯಾಕರಣವನ್ನು ಅವರು ಪಪೈರಸ್ಸಿನ ರೂಪಗಳೊಂದಿಗೆ ತಾಳೆ ನೋಡಿದ ಕುರುಹು ಎಲ್ಲಿಯಾದರೂ ಇದೆಯೇ? 1926ರ ಬಾರ್ನೆಟ್ಟರ ಲೇಖನ ಮಂಜೇಶ್ವರಕ್ಕೆ ಯಾವುದಾದರೂ ರೂಪದಲ್ಲಿ, ಅಚ್ಚುಪ್ರತಿಯಾಗಿಯೋ ಯಾರದೋ ಪತ್ರದಲ್ಲಿನ ಒಂದು ಸಾಲಾಗಿಯೋ, ತಲುಪಿತ್ತೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಭಾಷೆವಾರು ಪಟ್ಟಿಯನ್ನು ಬದಿಗಿಟ್ಟು, ಒಂದೊಂದೇ ಪುಸ್ತಕವನ್ನು ಕೆಳಗಿಳಿಸಿ, ಒಳರಟ್ಟಿನಿಂದ ಮೊದಲುಮಾಡಿ ಹಾಳೆ ಮಗುಚಬೇಕು.